ಬಾಯಿ ಉರಿಗೆ ಲಿಪೊಯಿಕ್ ಆಮ್ಲ: ಒಂದೇ ಗುಳಿಗೆ, ಎರಡು ತೀರ್ಪು

ವರ್ಷಗಟ್ಟಲೆ ಕಾಡುವ ಬಾಯಿ ಉರಿಗೆ ಆಲ್ಫಾ ಲಿಪೊಯಿಕ್ ಆಮ್ಲ ಎಂಬ ಆಂಟಿಆಕ್ಸಿಡೆಂಟ್ ಪೂರಕ ಕೊಟ್ಟಾಗ ನೂರಕ್ಕೆ 97 ಜನರಿಗೆ ಗುಣ ಕಂಡಿತು ಎಂದು ಒಂದು ಸುದ್ದಿ. ಅದೇ ಪೂರಕಕ್ಕೂ ಔಷಧವೇ ಇಲ್ಲದ ಹುಸಿ ಗುಳಿಗೆಗೂ ಏನೇನೂ ವ್ಯತ್ಯಾಸ ಕಾಣಲಿಲ್ಲ ಎಂದು ಇನ್ನೊಂದು ಸುದ್ದಿ. ಎರಡಕ್ಕೂ ಆಧಾರವಿದೆ. ಎರಡೂ ಕಡೆ ಯಾರಿಗೆ ಯಾವ ಗುಳಿಗೆ ಸಿಗುತ್ತಿದೆ ಎಂಬುದನ್ನು ರೋಗಿಗಳಿಂದಲೂ ವೈದ್ಯರಿಂದಲೂ ಮುಚ್ಚಿಟ್ಟೇ ಪ್ರಯೋಗ ನಡೆಸಿದ್ದರು. ಹಾಗಿದ್ದೂ ತೀರ್ಪು ಇಷ್ಟು ತಿರುಗುಮುರುಗಾದದ್ದು ಏಕೆ? ಸಂಶೋಧಕರಲ್ಲಿ ಯಾರೋ ಒಬ್ಬರು ಸುಳ್ಳು ಹೇಳಿರಬೇಕು ಎಂದುಕೊಳ್ಳುವುದು ಸುಲಭ. ಆದರೆ ಉತ್ತರ ಅಲ್ಲಿಲ್ಲ. ಈ ನೋವಿನ ಸ್ವಭಾವ, ಈ ರಾಸಾಯನಿಕದ ಸ್ವಭಾವ, ಪ್ರಯೋಗಗಳ ಗಾತ್ರ, ಈ ಮೂರೂ ಸೇರಿ ಗೊಂದಲವನ್ನು ಹುಟ್ಟಿಸಿವೆ.

ಉರಿ ಇದೆ, ಹುಣ್ಣಿಲ್ಲ

ಬರ್ನಿಂಗ್ ಮೌತ್ ಸಿಂಡ್ರೋಮ್ ಎಂದು ಕರೆಯುವ ಈ ತೊಂದರೆಯಲ್ಲಿ ನಾಲಿಗೆಯ ತುದಿ, ಅಂಚು, ಅಂಗುಳದ ಮುಂಭಾಗ, ತುಟಿಯ ಒಳಬದಿ ಇವೆಲ್ಲ ಬಿಸಿ ನೀರು ಬಿದ್ದು ಸುಟ್ಟಂತೆ ಉರಿಯುತ್ತವೆ. ಬಾಯಿ ತೆರೆದು ನೋಡಿದರೆ ಕೆಂಪಿಲ್ಲ, ಹುಣ್ಣಿಲ್ಲ, ಬಿಳಿ ಪೊರೆಯಿಲ್ಲ. ಬೆಳಿಗ್ಗೆ ಎದ್ದಾಗ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿದ್ದ ಉರಿ ಹೊತ್ತು ಏರಿದಂತೆ ಏರಿ ಸಂಜೆಗೆ ಜೋರಾಗುವುದು ಅನೇಕರ ಅನುಭವ. ಊಟ ಮಾಡುವಾಗ ಎಷ್ಟೋ ಜನಕ್ಕೆ ಉರಿ ಇಳಿಯುತ್ತದೆ. ಹುಣ್ಣಿದ್ದವರಿಗೆ ಇದರ ಉಲ್ಟಾ ಆಗುತ್ತಿತ್ತು. ಜೊತೆಗೆ ಬಾಯಲ್ಲಿ ಕಹಿ ಅಥವಾ ಲೋಹದ ರುಚಿ, ಜೊಲ್ಲು ಸಾಕಷ್ಟಿದ್ದರೂ ಒಣಗಿದ ಹಾಗೆ ಅನ್ನಿಸುವುದು. ಮುಟ್ಟು ನಿಂತ ಹೆಂಗಸರಲ್ಲಿ ಇದು ಗಂಡಸರಿಗಿಂತ ಹಲವು ಪಟ್ಟು ಹೆಚ್ಚು.

ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ ಅಳತೆಗೋಲು ಹೀಗಿದೆ: ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು, 3 ತಿಂಗಳಿಗೂ ಮೀರಿ, ದಿನವೂ ಮರುಕಳಿಸುವ ಉರಿ ಇರಬೇಕು. ಅದಕ್ಕೆ ಕಾರಣವಾಗಬಲ್ಲ ಗಾಯ ಬಾಯಲ್ಲಿ ಕಾಣಬಾರದು.

ತೊಡಕು ಇಲ್ಲಿಂದಲೇ ಶುರು. ಇದೇ ಉರಿಯನ್ನು ಹುಟ್ಟಿಸುವ, ಆದರೆ ಬೇರೆಯೇ ಚಿಕಿತ್ಸೆ ಬೇಡುವ ಕಾರಣಗಳು ಹತ್ತಾರಿವೆ. ಕಬ್ಬಿಣಾಂಶ, ವಿಟಮಿನ್ ಬಿ12, ಫೋಲೇಟ್, ಸತುವಿನ ಕೊರತೆ. ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆಯಾಗುವುದು. ಎನಲಾಪ್ರಿಲ್, ಲಿಸಿನೊಪ್ರಿಲ್‌ನಂಥ ಬಿಪಿ ಮಾತ್ರೆಗಳು. ಸರಿಯಾಗಿ ಕೂರದ ಹಲ್ಲಿನ ಸೆಟ್ಟು, ಟೂತ್‌ಪೇಸ್ಟಿನಲ್ಲಿರುವ ದಾಲ್ಚಿನ್ನಿ ಸುವಾಸನೆಗೆ ಅಲರ್ಜಿ. ಹೊಟ್ಟೆಯ ಆಮ್ಲ ಮೇಲೇರಿ ಬರುವುದು. ಹೀಗಾಗಿ ರಕ್ತ ಪರೀಕ್ಷೆ, ನಾಲಿಗೆಯಿಂದ ಕೆರೆದು ತೆಗೆದ ಮಾದರಿ, ಜೊಲ್ಲಿನ ಅಳತೆ ಇಷ್ಟಾದರೂ ಮುಗಿಯದೆ ರೋಗಕ್ಕೆ ಹೆಸರಿಡುವಂತಿಲ್ಲ. ಜೊಲ್ಲನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ತಲೆ ಸ್ವಲ್ಪ ಬಗ್ಗಿಸಿ ಕೂರಿಸಿ, ಏನನ್ನೂ ಜಗಿಯಲು ಕೊಡದೆ, 5ರಿಂದ 15 ನಿಮಿಷ ಒಂದು ಬಟ್ಟಲಿಗೆ ಜೊಲ್ಲು ಇಳಿಯಬಿಟ್ಟರೆ ಸಾಕು. ನಿಮಿಷಕ್ಕೆ 0.1 ಮಿಲಿಲೀಟರಿಗಿಂತ ಕಡಿಮೆ ಬಂದರೆ ಬಾಯಿ ನಿಜಕ್ಕೂ ಒಣಗಿದೆ ಎಂದರ್ಥ. ಆಗ ಹುಡುಕಬೇಕಾದದ್ದು ಬೇರೆ ದಾರಿ.

ಪ್ರಯೋಗದ ಮಟ್ಟಿಗೆ ಈ ಜರಡಿ ಬಹಳ ಮುಖ್ಯ. ಬಿ12 ಕೊರತೆಯಿರುವ ನಾಲ್ಕು ಜನ, ಕ್ಯಾಂಡಿಡಾ ಇರುವ ಮೂವರು ಗುಂಪಿನೊಳಗೆ ನುಸುಳಿದರೆ ಲಿಪೊಯಿಕ್ ಆಮ್ಲ ಅವರಿಗೆ ಏನೂ ಮಾಡದು. ಮಧ್ಯದಲ್ಲಿ ಬೇರೆ ಯಾವುದೋ ಔಷಧಿಯಿಂದ ಅವರು ಗುಣವಾದರೆ ಅದರ ಶ್ರೇಯ ಲಿಪೊಯಿಕ್ ಆಮ್ಲದ ಖಾತೆಗೆ ಹೋದೀತು. 20 ಜನರ ಗುಂಪಿನಲ್ಲಿ ಮೂರು ನಾಲ್ಕು ಜನ ಎಂದರೆ ಇಡೀ ಫಲಿತಾಂಶವನ್ನೇ ಬುಡಮೇಲು ಮಾಡುವಷ್ಟು ಭಾರ.

ಈ ಆಮ್ಲ ಇಲ್ಲಿಗೆ ಬಂದದ್ದು ಹೇಗೆ

ಲಿಪೊಯಿಕ್ ಆಮ್ಲ ನಮ್ಮ ದೇಹಕ್ಕೆ ಹೊಸದೇನಲ್ಲ. ಎಂಟು ಇಂಗಾಲ, ಎರಡು ಗಂಧಕದ ಪರಮಾಣುಗಳಿರುವ ಈ ಚಿಕ್ಕ ಅಣುವನ್ನು ಜೀವಕೋಶದ ಮೈಟೊಕಾಂಡ್ರಿಯಾ ತಾನೇ ತಯಾರಿಸಿಕೊಳ್ಳುತ್ತದೆ. ಸಕ್ಕರೆಯಿಂದ ಶಕ್ತಿ ತೆಗೆಯುವ ಕಿಣ್ವಗಳಿಗೆ ಅದನ್ನು ಅಂಟಿಸಿ ದುಡಿಸಿಕೊಳ್ಳುತ್ತದೆ. 1951ರಲ್ಲಿ ಲೆಸ್ಟರ್ ರೀಡ್ ಮತ್ತು ಸಂಗಡಿಗರು ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದಾಗ ಸುಮಾರು 10 ಟನ್ ಪಿತ್ತಜನಕಾಂಗದ ಉಳಿಕೆಯಿಂದ ಸಿಕ್ಕಿದ್ದು ಸುಮಾರು 30 ಮಿಲಿಗ್ರಾಂ. ಈಗ ಒಂದೊಂದು ಗುಳಿಗೆಯಲ್ಲೂ 300 ಅಥವಾ 600 ಮಿಲಿಗ್ರಾಂ ಇರುತ್ತದೆ. ಆಹಾರದಿಂದ ಎಂದೂ ಸಿಗಲಾರದ ಪ್ರಮಾಣ ಇದು. ಆದ್ದರಿಂದ ಇದನ್ನು ಪೌಷ್ಟಿಕಾಂಶ ಎನ್ನುವುದಕ್ಕಿಂತ ಔಷಧ ಎಂದು ಲೆಕ್ಕ ಹಾಕುವುದೇ ಸರಿ.

ಬಾಯಿ ಉರಿಗೂ ಇದಕ್ಕೂ ನಂಟು ಕಟ್ಟಿದ್ದು ಸಕ್ಕರೆ ಕಾಯಿಲೆ. ಸಕ್ಕರೆ ಏರಿದವರ ಪಾದಗಳಲ್ಲಿ ನರಗಳು ಹಾಳಾಗಿ ಉರಿ, ಜೋಮು ಬರುತ್ತವೆ. ಅಲ್ಲಿ ಹೆಚ್ಚಿದ ಸಕ್ಕರೆಯಿಂದ ಹುಟ್ಟುವ ಉತ್ಕರ್ಷಣ ಒತ್ತಡ, ಅಂದರೆ ಜೀವಕೋಶಕ್ಕೆ ಹಾನಿ ಮಾಡುವ ಚುರುಕು ಅಣುಗಳ (ಉತ್ಕರ್ಷಕಗಳ) ಹೆಚ್ಚಳ, ನರತಂತುಗಳನ್ನು ಸವೆಸುತ್ತದೆ ಎಂಬುದು ಒಪ್ಪಿತ ವಿವರಣೆ. ಆಂಟಿಆಕ್ಸಿಡೆಂಟ್‌ಗಳು ತಡೆಯುತ್ತವೆ ಎನ್ನುವುದು ಇವನ್ನೇ. ಜರ್ಮನಿಯಲ್ಲಿ ಈ ನರದೋಷಕ್ಕೆ ಲಿಪೊಯಿಕ್ ಆಮ್ಲವನ್ನು ದಶಕಗಳಿಂದ ಔಷಧಿಯಾಗಿಯೇ ಕೊಡುತ್ತ ಬಂದಿದ್ದಾರೆ. 2006ರಲ್ಲಿ ಪ್ರಕಟವಾದ ಸಿಡ್ನಿ 2 ಎಂಬ ಪ್ರಯೋಗದಲ್ಲಿ 181 ರೋಗಿಗಳಿಗೆ 5 ವಾರ ದಿನಕ್ಕೆ 600, 1200, 1800 ಮಿಲಿಗ್ರಾಂ ಅಥವಾ ಹುಸಿ ಗುಳಿಗೆ ಕೊಟ್ಟರು. ಮೂರೂ ಪ್ರಮಾಣಗಳಲ್ಲಿ ಉರಿ, ಚುಚ್ಚು ಇಳಿದವು. ಪ್ರಮಾಣ ಏರಿಸಿದರೆ ಹೆಚ್ಚಿದ್ದು ವಾಕರಿಕೆ ಮಾತ್ರ. 600 ಎಂಬ ಸಂಖ್ಯೆ ಗಟ್ಟಿಯಾಗಿ ನೆಲೆಯೂರಿದ್ದು ಹಾಗೆ.

ಇತ್ತ 2005ರಲ್ಲಿ ಇಟಲಿಯ ಸಂಶೋಧಕರು ಬಾಯಿ ಉರಿಯವರ ನಾಲಿಗೆಯಿಂದ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೇಲ್ಪದರದಲ್ಲಿರಬೇಕಾದ ಸಣ್ಣ ನರತಂತುಗಳು ಆರೋಗ್ಯವಂತರಿಗಿಂತ ಎದ್ದು ಕಾಣುವಷ್ಟು ಕಡಿಮೆಯಿದ್ದವು. ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕುತ್ತಿದ್ದ ನೋವಿಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು. ಇದು ಸಣ್ಣ ನರಗಳ ಕಾಯಿಲೆ, ಸಕ್ಕರೆ ಕಾಯಿಲೆಯದೂ ಸಣ್ಣ ನರಗಳ ಕಾಯಿಲೆ, ಅಲ್ಲಿ ನಡೆದದ್ದು ಇಲ್ಲೂ ನಡೆಯಬೇಕು ಎಂಬ ತರ್ಕಕ್ಕೆ ಬಲ ಬಂತು.

ಆದರೆ ಈ ಸೇತುವೆಯ ನಡುವೆ ಒಂದು ಹಲಗೆ ಇಲ್ಲ. ಸಕ್ಕರೆ ಕಾಯಿಲೆಯಲ್ಲಿ ಉತ್ಕರ್ಷಣ ಒತ್ತಡ ಎಲ್ಲಿಂದ ಬರುತ್ತದೆ ಎಂಬುದು ಗೊತ್ತು. ಸಕ್ಕರೆ ಸರಿಯಿರುವ ಹೆಂಗಸಿನ ನಾಲಿಗೆಯಲ್ಲಿ ಅದನ್ನು ಹುಟ್ಟಿಸುವುದು ಯಾವುದು? ಹಾರ್ಮೋನಿನ ಏರಿಳಿತವೋ, ರುಚಿ ನರಕ್ಕೆ ಬಿದ್ದ ಪೆಟ್ಟೋ, ಅದು ಇನ್ನೂ ಊಹೆಯ ಹಂತದಲ್ಲೇ ಇದೆ. ಸಾಲ ತಂದ ತರ್ಕದ ಮೂಲವೂ ಈಚೆಗೆ ಅಲುಗಾಡಿದೆ. ಸಕ್ಕರೆ ಕಾಯಿಲೆಯ ನರದೋಷವಿದ್ದ 460 ರೋಗಿಗಳನ್ನು 4 ವರ್ಷ ಹಿಂಬಾಲಿಸಿದ ನೇಥನ್ 1 ಪ್ರಯೋಗ 2011ರಲ್ಲಿ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಅಂತರರಾಷ್ಟ್ರೀಯ ಜಾಲ ಕೊಕ್ರೇನ್. ಆರು ತಿಂಗಳಿಗೆ ಕಡಿಮೆಯಿಲ್ಲದ ಪ್ರಯೋಗಗಳನ್ನಷ್ಟೇ ತೂಗಿದ ಅದರ 2024ರ ಅವಲೋಕನ, ಸಕ್ಕರೆ ಕಾಯಿಲೆಯ ನರದೋಷದ ಲಕ್ಷಣಗಳ ಮೇಲೆ ಇದರ ಪರಿಣಾಮ ಬಹುಶಃ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂಬ ನಿರ್ಣಯಕ್ಕೆ ಬಂದಿತು.

ನೇಪಲ್ಸ್, ಟ್ಯೂರಿನ್, ಮ್ಯಾಡ್ರಿಡ್

ಬಾಯಿ ಉರಿಯ ಮೇಲೆ ಮೊದಲ ದೊಡ್ಡ ಸದ್ದು ಮಾಡಿದ್ದು 2002ರಲ್ಲಿ ನೇಪಲ್ಸಿನಿಂದ ಬಂದ ವರದಿ. 60 ರೋಗಿಗಳು, ದಿನಕ್ಕೆ 600 ಮಿಲಿಗ್ರಾಂ, 2 ತಿಂಗಳು. ನಿಜ ಗುಳಿಗೆ ತಿಂದವರಲ್ಲಿ ಶೇ 97, ಹುಸಿ ಗುಳಿಗೆಯವರಲ್ಲಿ ಶೇ 40 ಜನರಿಗೆ ಒಂದಲ್ಲ ಒಂದು ಮಟ್ಟದ ಸುಧಾರಣೆ.

2009ರಲ್ಲಿ ಚಿತ್ರ ಬದಲಾಯಿತು. ಟ್ಯೂರಿನ್‌ನಲ್ಲಿ 66 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ 400 ಮಿಲಿಗ್ರಾಂ ಲಿಪೊಯಿಕ್ ಆಮ್ಲ, ಇನ್ನೊಂದಕ್ಕೆ ಅದರ ಜೊತೆ ವಿಟಮಿನ್‌ಗಳು, ಮೂರನೆಯದಕ್ಕೆ ಹುಸಿ ಗುಳಿಗೆ ಎಂದು 8 ವಾರ ಕೊಟ್ಟರು. ಮೂರೂ ಗುಂಪಿನವರಿಗೆ ನೋವು ಇಳಿಯಿತು, ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಮೂಡಲಿಲ್ಲ. ಅದೇ ವರ್ಷ ಬ್ರೆಜಿಲ್‌ನಲ್ಲಿ ಒಬ್ಬೊಬ್ಬ ರೋಗಿಗೂ ಎರಡೂ ಗುಳಿಗೆಗಳನ್ನು ಸರದಿಯ ಮೇಲೆ ಕೊಟ್ಟು ನೋಡಿದಾಗಲೂ, ಸ್ಪೇನಿನ ಮುರ್ಸಿಯಾದಲ್ಲಿ ದಿನಕ್ಕೆ 800 ಮಿಲಿಗ್ರಾಂ ಕೊಟ್ಟಾಗಲೂ ವ್ಯತ್ಯಾಸ ಸಿಗಲಿಲ್ಲ. 2011ರಲ್ಲಿ ಅರ್ಜೆಂಟೀನಾದ 120 ರೋಗಿಗಳ ಪ್ರಯೋಗ ತಕ್ಕಡಿಯನ್ನು ಮತ್ತೆ ಲಿಪೊಯಿಕ್ ಆಮ್ಲದ ಕಡೆ ವಾಲಿಸಿತು. ಲಿಪೊಯಿಕ್ ಆಮ್ಲ ಮತ್ತು ನರನೋವಿನ ಔಷಧ ಗಾಬಾಪೆಂಟಿನ್ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಶೇ 70 ಜನ ಸುಧಾರಿಸಿದರು. 2015ರಲ್ಲಿ ಮ್ಯಾಡ್ರಿಡ್‌ನಿಂದ ಬಂದ ವರದಿ, 60 ರೋಗಿಗಳು, 600 ಮಿಲಿಗ್ರಾಂ, 2 ತಿಂಗಳು: ನಿಜ ಗುಳಿಗೆಯಲ್ಲಿ ಶೇ 64, ಹುಸಿಯಲ್ಲಿ ಶೇ 27.6.

ಪ್ರಮಾಣ ನೋಡಿ: 400, 600, 800. ಪ್ರಮಾಣ ಹೆಚ್ಚಿದ್ದಕ್ಕೆ ಫಲ ಹೆಚ್ಚು ಎಂಬ ಕ್ರಮವೇ ಇಲ್ಲ. 800 ಕೊಟ್ಟ ಕಡೆ ಸೋತಿದೆ, 600 ಕೊಟ್ಟ ಕಡೆ ಗೆದ್ದಿದೆ. ಹುಸಿ ಗುಳಿಗೆಯಿಂದ ಸುಧಾರಿಸಿದವರ ಪಾಲು ಕೂಡ ಒಂದೂರಲ್ಲಿ 40, ಇನ್ನೊಂದೂರಲ್ಲಿ 27.6. ಔಷಧವೇ ಇಲ್ಲದ ಗುಳಿಗೆಗೆ ಊರೂರಿಗೆ ಬೇರೆ ಶಕ್ತಿ ಇರಲು ಸಾಧ್ಯವಿಲ್ಲ. ‘ಸುಧಾರಣೆ’ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಅಳೆದಿದ್ದಾರೆ ಎಂಬುದಕ್ಕೆ ಇದೇ ಸುಳಿವು. ಒಂದು ಕಡೆ ರೋಗಿ ‘ಸ್ವಲ್ಪ ಪರವಾಗಿಲ್ಲ’ ಎಂದರೂ ಅದು ಸುಧಾರಣೆಯ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಕಡೆ 0ಯಿಂದ 10ರ ಗೆರೆಯ ಮೇಲೆ ಅಂಕ ಇಷ್ಟು ಇಳಿಯಲೇಬೇಕು.

2016ರ ಕೊಕ್ರೇನ್ ಅವಲೋಕನ ಬಾಯಿ ಉರಿಯ ಎಲ್ಲ ಬಗೆಯ ಚಿಕಿತ್ಸೆಗಳ 23 ಪ್ರಯೋಗಗಳನ್ನು, ಒಟ್ಟು 1121 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಯಾವ ಚಿಕಿತ್ಸೆಯ ಪರವಾಗಿಯೂ ವಿರುದ್ಧವಾಗಿಯೂ ಹೇಳುವಷ್ಟು ಪುರಾವೆ ಇಲ್ಲ ಎಂಬುದು ಅದರ ತೀರ್ಮಾನ.

ಹುಸಿ ಗುಳಿಗೆಗೆ ಇಷ್ಟು ಬಲ ಎಲ್ಲಿಂದ

ಬಾಯಿ ಉರಿಯ ಪ್ರಯೋಗಗಳಲ್ಲಿ ನಿಜ ಔಷಧದಿಂದ ಸಿಕ್ಕ ಪರಿಹಾರಕ್ಕೆ ಹೋಲಿಸಿದರೆ ಹುಸಿ ಗುಳಿಗೆಯ ಪರಿಹಾರ ಸರಾಸರಿ ಶೇ 72ರಷ್ಟಿತ್ತು ಎಂದು 2014ರ ಒಂದು ಅವಲೋಕನ ಲೆಕ್ಕ ಹಾಕಿದೆ. ಅಂದರೆ ಔಷಧದಿಂದ ನೋವು 10 ಅಂಶ ಇಳಿದಿದ್ದರೆ ಅದರಲ್ಲಿ 7 ಅಂಶ ಔಷಧವಿಲ್ಲದೆಯೂ ಇಳಿಯುತ್ತಿತ್ತು. ಈ ಇಡೀ ವಿವಾದದಲ್ಲಿ ಒಂದೇ ಸಂಖ್ಯೆ ನೆನಪಿಟ್ಟುಕೊಳ್ಳಬೇಕೆಂದರೆ 97 ಅಲ್ಲ, ಈ 72.

ಇದರರ್ಥ ರೋಗಿಗಳು ಸುಳ್ಳು ಹೇಳುತ್ತಾರೆ ಎಂದಲ್ಲ. ನಂಬಿಕೆ ನೋವನ್ನು ಇಳಿಸುವುದು ಒಂದು ಪಾಲು. ‘ಇದು ಕ್ಯಾನ್ಸರ್ ಅಲ್ಲ, ಇದಕ್ಕೊಂದು ಹೆಸರಿದೆ’ ಎಂದು ಯಾರೋ ಮೊದಲ ಬಾರಿಗೆ ಸಮಾಧಾನವಾಗಿ ಹೇಳಿದ್ದರ ಪರಿಣಾಮ ಇನ್ನೊಂದು ಪಾಲು. ಹೆಚ್ಚಿನವರ ಗಮನಕ್ಕೆ ಬಾರದೆ ಹೋಗುವುದು ಮೂರನೆಯದು. ಈ ಉರಿ ದಿನದಿಂದ ದಿನಕ್ಕೆ, ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಒಬ್ಬರ ಉರಿ ಸರಾಸರಿ 6ರ ಸುತ್ತ 4ರಿಂದ 8ರವರೆಗೆ ಓಲಾಡುತ್ತಿದೆ ಎನ್ನಿ. ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು 4 ಇದ್ದ ದಿನವಲ್ಲ, 8 ಆದ ದಿನ. ಪ್ರಯೋಗಕ್ಕೆ ಸೇರಿದ ದಿನದ ದಾಖಲೆಯಲ್ಲಿ 8 ಎಂದು ಬರೆದಾಯಿತು. ಎರಡು ತಿಂಗಳ ನಂತರ ಯಾವುದೋ ಒಂದು ದಿನ ಕೇಳಿದರೆ ಉತ್ತರ 6ರ ಹತ್ತಿರ ಬರುವ ಸಂಭವವೇ ಹೆಚ್ಚು. ಗುಳಿಗೆ ಏನೂ ಮಾಡಿಲ್ಲ, ಆದರೂ ದಾಖಲೆಯಲ್ಲಿ ಎರಡು ಅಂಶ ‘ಸುಧಾರಣೆ’.

ಇದಕ್ಕೆ ಮದ್ದು ಇದೆ. ಗುಳಿಗೆ ಶುರು ಮಾಡುವ ಮೊದಲು ಎರಡು ವಾರ ಸುಮ್ಮನೆ ದಿನಚರಿ ಬರೆಸಬೇಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಗೊತ್ತಾದ ಹೊತ್ತಿಗೆ ಅಂಕ ಹಾಕಿಸಬೇಕು. ಆ 42 ಅಂಕಗಳ ಸರಾಸರಿಯೇ ಆರಂಭದ ಗೆರೆ. ಕೊನೆಯಲ್ಲೂ ಎರಡು ವಾರದ ಸರಾಸರಿಯನ್ನೇ ತೆಗೆಯಬೇಕು. ಬೆಳಿಗ್ಗೆ ಇಲ್ಲದ, ಸಂಜೆ ಏರುವ ನೋವನ್ನು ಆರಂಭದಲ್ಲಿ ಸಂಜೆಯ ಭೇಟಿಯಲ್ಲೂ ಕೊನೆಯಲ್ಲಿ ಬೆಳಗಿನ ಭೇಟಿಯಲ್ಲೂ ಅಳೆದರೆ ಯಾವ ಗುಳಿಗೆಯಾದರೂ ಗೆದ್ದುಬಿಡುತ್ತದೆ!

ಎಷ್ಟು ಜನ ಬೇಕು: ಒಂದು ಲೆಕ್ಕ

ಹುಸಿ ಗುಳಿಗೆಯಲ್ಲಿ ನೂರಕ್ಕೆ 40 ಜನ ಸುಧಾರಿಸುತ್ತಾರೆ, ನಿಜ ಗುಳಿಗೆಯಲ್ಲಿ 60 ಜನ ಎಂದಿಟ್ಟುಕೊಳ್ಳೋಣ. ಇದ್ದರೆ ಸಣ್ಣ ಲಾಭವೇನಲ್ಲ ಅದು. ಐದು ಜನಕ್ಕೆ ಕೊಟ್ಟರೆ ಒಬ್ಬರಿಗೆ ಹೆಚ್ಚುವರಿ ಉಪಕಾರ. ಅಂಥ ಅಂತರ ನಿಜವಾಗಿ ಇದ್ದಲ್ಲಿ ಅದನ್ನು ನೂರಕ್ಕೆ 80 ಸಲ ಹಿಡಿಯಬಲ್ಲ ಪ್ರಯೋಗಕ್ಕೆ ಗುಂಪಿಗೆ ಸುಮಾರು 95 ಜನ ಬೇಕು. ಎಂಟು ವಾರದಲ್ಲಿ ಐದರಲ್ಲೊಬ್ಬರು ಮಧ್ಯೆ ಬಿಟ್ಟುಹೋಗುತ್ತಾರೆ ಎಂದು ಹಿಡಿದರೆ ಆರಂಭದಲ್ಲಿ 120, ಎರಡು ಗುಂಪು ಸೇರಿ 240.

ಗುಂಪಿಗೆ 20 ಜನ ಮಾತ್ರ ಇದ್ದರೆ? ಅದೇ ಸೂತ್ರವನ್ನು ಹಿಂದುಮುಂದು ಮಾಡಿದರೆ ಅಂಥ ಪ್ರಯೋಗ ಭರವಸೆಯಿಂದ ಹಿಡಿಯಬಲ್ಲದ್ದು ನೂರಕ್ಕೆ 43ರಷ್ಟು ದೊಡ್ಡ ಅಂತರವನ್ನು ಮಾತ್ರ. 20ರ ಅಂತರ ಅದರ ಕಣ್ಣಿಗೆ ಬೀಳುವುದು ಅದೃಷ್ಟವಿದ್ದರೆ. ಹಾಗಾಗಿ ಟ್ಯೂರಿನ್ ‘ವ್ಯತ್ಯಾಸವಿಲ್ಲ’ ಎಂದದ್ದನ್ನು ‘ಕೆಲಸ ಮಾಡುವುದಿಲ್ಲ’ ಎಂದು ಓದಬಾರದು. ನೂಲಿನ ಕಣ್ಣು ದೊಡ್ಡದಾದ ಬಲೆಯಲ್ಲಿ ಸಣ್ಣ ಮೀನು ಸಿಗಲಿಲ್ಲ ಎಂದಷ್ಟೇ ಅದರ ಅರ್ಥ.

ಇದರ ಮಗ್ಗುಲು ಬದಲಾಯಿಸಿ ನೇಪಲ್ಸನ್ನೂ ನೋಡಬೇಕು. ಶೇ 97ಕ್ಕೆ 40 ಎಂದರೆ 57ರ ಅಂತರ. ನರನೋವಿಗೆ ಇರುವ ಒಳ್ಳೆಯ ಔಷಧಿಗಳೂ ಅದರ ಹತ್ತಿರ ಸುಳಿಯುವುದಿಲ್ಲ. ಅಷ್ಟು ದೊಡ್ಡ ಪರಿಣಾಮ ನಿಜವಿದ್ದಿದ್ದರೆ ಆಮೇಲಿನ ಸಣ್ಣ ಪ್ರಯೋಗಗಳಲ್ಲೂ ಅದು ಢಾಳಾಗಿ ಕಾಣಬೇಕಿತ್ತು. ಕಾಣಲಿಲ್ಲ. ಆದ್ದರಿಂದ 97 ಎಂಬ ಸಂಖ್ಯೆಯನ್ನು ಆಶಾಕಿರಣ ಎಂದು ಸಂಭ್ರಮಿಸುವ ಬದಲು ಎಚ್ಚರಿಕೆಯ ಗಂಟೆ ಎಂದು ಕೇಳಿಸಿಕೊಳ್ಳಬೇಕಿತ್ತು. ಸುದ್ದಿಮನೆಗಳು ಇವತ್ತಿಗೂ ಎತ್ತಿಕೊಳ್ಳುವುದು ಅದನ್ನೇ.

ಗುಳಿಗೆಯೊಳಗಿನ ಗುಟ್ಟು ಬಯಲಾದರೆ

ಲಿಪೊಯಿಕ್ ಆಮ್ಲ ತಿಳಿ ಹಳದಿ ಬಣ್ಣದ ಪುಡಿ. ಗಂಧಕದ ವಾಸನೆ ಇದೆ. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ನಾಲಿಗೆಗೆ ತಾಗಿಸಿದರೆ ಮೆಣಸಿನ ಹಾಗೆ ಚುರುಗುಟ್ಟುತ್ತದೆ. ಬಾಯಿ ಉರಿಯವರಿಗೆ ಕೊಡುವ ಔಷಧ ಬಾಯಿಗೆ ತಾಗಿದರೆ ಉರಿಯುತ್ತದೆ ಎಂಬ ವಿಪರ್ಯಾಸ ಬರೀ ವಿಪರ್ಯಾಸವಾಗಿ ಉಳಿಯುವುದಿಲ್ಲ, ಪ್ರಯೋಗದ ಗೋಪ್ಯವನ್ನೇ ಒಡೆಯುತ್ತದೆ. ಗುಳಿಗೆ ನುಂಗಿದ ಮೇಲೆ ಎದೆಯುರಿ ಅಥವಾ ಗಂಧಕದ ತೇಗು, ಮೂತ್ರಕ್ಕೆ ವಿಚಿತ್ರ ವಾಸನೆ ಬಂದರೆ ‘ನನಗೆ ಸಿಕ್ಕಿರುವುದು ನಿಜದ್ದೇ’ ಎಂದು ರೋಗಿ ಊಹಿಸುತ್ತಾರೆ. ಆ ಊಹೆಯೇ ನೋವನ್ನು ಇಳಿಸುತ್ತದೆ. ಹುಸಿ ಗುಳಿಗೆಗೂ ಅದೇ ವಾಸನೆ ಬರುವಂತೆ ಮಾಡುವುದು, ತೂಕ ಬಣ್ಣ ಒಂದೇ ಇರುವುದು, ಕೊನೆಯಲ್ಲಿ ‘ನಿಮಗೆ ಯಾವುದು ಸಿಕ್ಕಿತ್ತು ಎಂದುಕೊಂಡಿರಿ’ ಎಂದು ಪ್ರತಿಯೊಬ್ಬರನ್ನೂ ಕೇಳಿ ದಾಖಲಿಸುವುದು ಇವು ಚಿಲ್ಲರೆ ವಿಷಯಗಳಂತೆ ಕಂಡರೂ ಇಲ್ಲಿ ನಿರ್ಣಾಯಕ.

ಹೀರಿಕೊಳ್ಳುವಿಕೆಯದೂ ಒಂದು ಪೇಚು. ನುಂಗಿದ್ದರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ರಕ್ತದ ಸಂಚಾರಕ್ಕೆ ತಲುಪುತ್ತದೆ, ಉಳಿದದ್ದಕ್ಕೆ ಪಿತ್ತಜನಕಾಂಗವೇ ಗತಿ ಕಾಣಿಸುತ್ತದೆ. ಹೊಟ್ಟೆ ತುಂಬಿದ್ದರೆ ಇನ್ನೂ ಕಡಿಮೆ. ಹೀಗಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಎಂಬ ಸೂಚನೆ. ಆದರೆ ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುವವರು ತಾವಾಗಿಯೇ ಊಟದ ಜೊತೆ ತೆಗೆದುಕೊಳ್ಳಲು ಶುರು ಮಾಡುತ್ತಾರೆ. ದಾಖಲೆಯಲ್ಲಿ 600 ಇದ್ದರೂ ರಕ್ತದಲ್ಲಿ ಇರುವುದು ಬೇರೆಯೇ. ರಕ್ತಕ್ಕೆ ಬಂದದ್ದಾದರೂ ಸುಮಾರು ಅರ್ಧ ಗಂಟೆಗೆ ಅರ್ಧದಷ್ಟಾಗುತ್ತದೆ. ಇಷ್ಟು ಬೇಗ ಮಾಯವಾಗುವ ವಸ್ತು ದಿನವಿಡೀ ಕಾವಲು ನಿಂತು ಉತ್ಕರ್ಷಕಗಳನ್ನು ಹಿಡಿಯುತ್ತದೆ ಎಂಬ ಚಿತ್ರ ನಂಬುವಂಥದ್ದಲ್ಲ. ಈಗಿನ ಸಂಶೋಧಕರು ಹೆಚ್ಚು ಒಲವು ತೋರುವುದು ಬೇರೆ ವಿವರಣೆಗೆ: ಅದು ಜೀವಕೋಶವನ್ನು ಸ್ವಲ್ಪ ಕೆಣಕಿ ದೇಹದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುತ್ತದೆ. ಹಾಗಿದ್ದರೆ ಇದನ್ನು ಆಂಟಿಆಕ್ಸಿಡೆಂಟ್ ಎಂದು ಕರೆಯುವುದೇ ಅರ್ಧ ಸತ್ಯ.

ಶುದ್ಧತೆಯ ಮಾತೂ ಇದೆ. ಈ ಅಣುವಿಗೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ರೂಪಗಳಿವೆ, ಆರ್ ಮತ್ತು ಎಸ್. ದೇಹ ತಯಾರಿಸುವುದು ಆರ್ ಎಂಬ ಬಲಗೈ ರೂಪವನ್ನು ಮಾತ್ರ. ಕಾರ್ಖಾನೆಯ ಸಾಮಾನ್ಯ ಸರಕಿನಲ್ಲಿ ಆರ್ ಮತ್ತು ಎಸ್ ಎರಡೂ ಸಮಸಮ ಬೆರೆತಿರುತ್ತವೆ. ಬೆರಕೆ ಪುಡಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕರಗುತ್ತದೆ, ಬಿಡಿ ಆರ್ ರೂಪ ಅದಕ್ಕೂ ಮೊದಲೇ ಕರಗಿ ಅಂಟಾಗುತ್ತದೆ. ಬಿಸಿಲಿನಲ್ಲಿ ನಿಂತ ಸಾಗಣೆ ಗಾಡಿಯೊಳಗೆ ಕಾದ ಡಬ್ಬದಲ್ಲಿ ಗುಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಚೀಟಿಯ ಮೇಲಿನ ಮಿಲಿಗ್ರಾಂ ನಂಬುವಂತಿಲ್ಲ.

ಕಾಯಿಲೆಯೇ ಒಂದಲ್ಲದಿದ್ದರೆ

2010ರಲ್ಲಿ ಫ್ರಾನ್ಸಿನ ಒಂದು ತಂಡ 20 ರೋಗಿಗಳ ನಾಲಿಗೆಯ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋಡಿತು. ಕೆಲವರಲ್ಲಿ ಉರಿ ಇಳಿಯಿತು. ಇನ್ನು ಕೆಲವರಲ್ಲಿ ನಾಲಿಗೆ ಪೂರ್ತಿ ಮರಗಟ್ಟಿದರೂ ಉರಿ ಹೋಗಲಿಲ್ಲ. ಮೊದಲನೆಯವರ ತೊಂದರೆ ನಾಲಿಗೆಯ ನರದಲ್ಲೇ ಇದೆ, ಎರಡನೆಯವರದು ಮಿದುಳಿನಲ್ಲಿ ಬೇರೂರಿದೆ ಎಂದು ಇದನ್ನು ಅರ್ಥೈಸುತ್ತಾರೆ.

ಲಿಪೊಯಿಕ್ ಆಮ್ಲದಿಂದ ಉಪಯೋಗ ಆಗುವುದಿದ್ದರೆ ಅದು ಮೊದಲ ಬಗೆಯವರಿಗೆ ಆಗಬೇಕು. ಸವೆಯುತ್ತಿರುವ ತಂತು ಇದ್ದಲ್ಲಿ ತಾನೇ ಅದನ್ನು ಕಾಪಾಡುವ ಮಾತು? ಎರಡೂ ಬಗೆಯವರನ್ನು ಒಂದೇ ಗುಂಪಿಗೆ ಹಾಕಿದರೆ ಒಬ್ಬರ ಲಾಭವನ್ನು ಇನ್ನೊಬ್ಬರ ಸೊನ್ನೆ ನುಂಗಿಹಾಕುತ್ತದೆ. ಯಾವ ಊರಿನ ಗುಂಪಿನಲ್ಲಿ ಮೊದಲ ಬಗೆಯವರು ಹೆಚ್ಚಿದ್ದರೋ ಅಲ್ಲಿ ಗೆಲುವು, ಇಲ್ಲದ ಕಡೆ ಸೋಲು. ಮೇಲೆ ಹೇಳಿದ ತಿರುಗುಮುರುಗು ತೀರ್ಪುಗಳಿಗೆ ಇದೂ ಒಂದು ಕಾರಣ ಇರಬಹುದು. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಪರೀಕ್ಷಿಸಬೇಕಾದ ಊಹೆ.

ವಾದ, ಪ್ರತಿವಾದ

ಕೊಡಬಹುದು ಎನ್ನುವವರ ವಾದ ಸರಳ. ಈ ಕಾಯಿಲೆಗೆ ಖಚಿತ ಚಿಕಿತ್ಸೆ ಇಲ್ಲ. ಇರುವವುಗಳಲ್ಲಿ ಒಂದು ಕ್ಲೊನಾಜೆಪಾಮ್. 1 ಮಿಲಿಗ್ರಾಂ ಮಾತ್ರೆಯನ್ನು ಉರಿಯುವ ಜಾಗದ ಹತ್ತಿರ 3 ನಿಮಿಷ ಚೀಪಿ, ನುಂಗದೆ ಉಗುಳುವ ವಿಧಾನ 2004ರ ಫ್ರೆಂಚ್ ಪ್ರಯೋಗದಲ್ಲಿ ಪ್ರಯೋಜನ ತೋರಿಸಿದೆ. ಆದರೆ ಅದು ಮಂಪರು ತರುವ, ಅಭ್ಯಾಸವಾಗುವ ಔಷಧ. ಅದರ ಪಕ್ಕದಲ್ಲಿಟ್ಟರೆ ಲಿಪೊಯಿಕ್ ಆಮ್ಲದ ತೊಂದರೆಗಳು ಸೌಮ್ಯ. ಮೊದಲು ಇದನ್ನು ನೋಡಿ, ಆಗದಿದ್ದರೆ ಮುಂದಕ್ಕೆ ಹೋಗೋಣ ಎಂಬುದು ಅವರ ನಿಲುವು.

ಬೇಡ ಎನ್ನುವವರದೂ ಹುರುಳಿಲ್ಲದ ಮಾತಲ್ಲ. ಪುರಾವೆ ಇಲ್ಲದ್ದನ್ನು ತಿಂಗಳುಗಟ್ಟಲೆ ಕೊಂಡು ತಿನ್ನುವ ರೋಗಿ ಕಬ್ಬಿಣಾಂಶದ ಕೊರತೆ ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ಮುಂದೂಡುತ್ತಾರೆ, ಸಿಗಬಹುದಾಗಿದ್ದ ಕಾರಣ ಸಿಗದೆ ಉಳಿಯುತ್ತದೆ. ಎಂಟು ವಾರದ ನಂತರ ಏನೂ ಆಗದಿದ್ದಾಗ ‘ಇದೂ ಆಗಲಿಲ್ಲ’ ಎಂಬ ಹತಾಶೆಯ ಭಾರವೂ ನೋವಿಗೆ ಸೇರುತ್ತದೆ.

ಇವೆರಡರ ಹಿಂದೆ ಹಣದ ಪ್ರಶ್ನೆ ಕೂತಿದೆ. ಹಳೆಯ ಅಣುವಿಗೆ ಪೇಟೆಂಟ್ ಇಲ್ಲ. 240 ಜನರ ಪ್ರಯೋಗಕ್ಕೆ ಯಾವ ಔಷಧ ಕಂಪನಿ ದುಡ್ಡು ಹಾಕೀತು? ಪೂರಕವಾಗಿ ಹೇಗೂ ಮಾರಾಟವಾಗುತ್ತಿರುವಾಗ ಮಾರುವವರಿಗೆ ಉತ್ತರ ಬೇಕಾಗಿಯೂ ಇಲ್ಲ. ಫಲವಾಗಿ ಒಂದು ವಿಭಾಗ, ಒಂದು ಕಾಲೇಜು ತನ್ನ ಕೈಗೆಟುಕುವ 40, 60 ಜನರ ಪ್ರಯೋಗವನ್ನೇ ಮತ್ತೆ ಮತ್ತೆ ಮಾಡುತ್ತದೆ. ಅಂಥ ಇನ್ನೂ ಹತ್ತು ಬಂದರೂ ಗೊಂದಲ ಹತ್ತು ಪಟ್ಟಾಗುತ್ತದೆಯೇ ಹೊರತು ಕರಗುವುದಿಲ್ಲ.

ಅಪರೂಪ, ಆದರೆ ಕಡೆಗಣಿಸಬಾರದ ಅಪಾಯ

ವಾಕರಿಕೆ, ಎದೆಯುರಿ, ಚರ್ಮದ ಮೇಲೆ ದದ್ದು ಇವು ಸಾಮಾನ್ಯ. ನಿಲ್ಲಿಸಿದರೆ ಹೋಗುತ್ತವೆ. ಅಪರೂಪದ್ದು ಇನ್ಸುಲಿನ್ ಆಟೊಇಮ್ಯೂನ್ ಸಿಂಡ್ರೋಮ್. ಲಿಪೊಯಿಕ್ ಆಮ್ಲದ ಗಂಧಕ ಇನ್ಸುಲಿನ್ ಅಣುವಿನ ಗಂಧಕದ ಕೊಂಡಿಗಳನ್ನು ಬಿಡಿಸಿ ಅದರ ಆಕಾರ ಕೆಡಿಸುತ್ತದೆ ಎಂಬುದು ಇದಕ್ಕಿರುವ ವಿವರಣೆ. ದೇಹ ಅದನ್ನು ಪರಕೀಯವೆಂದು ಭಾವಿಸಿ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯಗಳು ಇನ್ಸುಲಿನ್ನನ್ನು ಹಿಡಿದಿಟ್ಟುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟಾಗ ಸಕ್ಕರೆ ಕುಸಿಯುತ್ತದೆ. ಸಕ್ಕರೆ ಕಾಯಿಲೆಯೇ ಇಲ್ಲದವರಿಗೂ ಊಟವಾಗಿ ಕೆಲವು ಗಂಟೆಗೆ ಬೆವರು, ನಡುಕ, ತಲೆಸುತ್ತು ಬರುತ್ತದೆ. ಎಚ್‌ಎಲ್‌ಎ ಡಿಆರ್‌ಬಿ1 ಎಂಬ ಜೀನಿನ ಕೆಲವು ರೂಪಗಳಿರುವವರಲ್ಲಿ ಇದರ ಸಂಭವ ಹೆಚ್ಚು. ಜಪಾನಿನಿಂದ ಇಂಥ ವರದಿಗಳು ಬಂದಿವೆ, ಯುರೋಪಿನಲ್ಲೂ ಕಂಡಿದೆ. ಇಷ್ಟಕ್ಕಿಂತ ಕಡಿಮೆ ತೆಗೆದುಕೊಂಡರೆ ಈ ಅಪಾಯ ಇಲ್ಲವೇ ಇಲ್ಲ ಎನ್ನುವ ಪ್ರಮಾಣವನ್ನು ಗೊತ್ತುಪಡಿಸಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿತು.

ಸಕ್ಕರೆ ಇಳಿಸುವ ಮಾತ್ರೆ, ಇನ್ಸುಲಿನ್, ಥೈರಾಯ್ಡ್ ಮಾತ್ರೆ, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಹೇಳದೆ ಇದನ್ನು ಮುಟ್ಟಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಒಮ್ಮೆಗೇ ಹಲವು ಗ್ರಾಂ ನುಂಗಿ ಅಪಸ್ಮಾರ ಬಂದ, ಸಾವು ಸಂಭವಿಸಿದ ಪ್ರಕರಣಗಳು ದಾಖಲಾಗಿವೆ.

ಈಗ ಕೈಯಲ್ಲಿರುವ ದಾರಿ

ಪರೀಕ್ಷೆಗಳೆಲ್ಲ ಮುಗಿದು, ಬೇರೆ ಕಾರಣ ಸಿಗದೆ, ವೈದ್ಯರ ಒಪ್ಪಿಗೆಯೊಂದಿಗೆ ಪ್ರಯತ್ನಿಸುವವರು ಅದನ್ನು ಒಂದು ಪುಟ್ಟ ಪ್ರಯೋಗದಂತೆ ನಡೆಸಿಕೊಳ್ಳಬಹುದು. ಮೊದಲ ಎರಡು ವಾರ ಗುಳಿಗೆ ಇಲ್ಲದೆ ದಿನಕ್ಕೆ ಮೂರು ಸಲ 0ಯಿಂದ 10ರ ಅಂಕ ಬರೆಯುವುದು. ನಂತರ ಪ್ರಯೋಗಗಳಲ್ಲಿ ಬಳಸಿದ 600 ಮಿಲಿಗ್ರಾಂಗೆ ಮೀರದೆ 8 ವಾರ. ಆ ಅವಧಿಯಲ್ಲಿ ಹೊಸ ಟೂತ್‌ಪೇಸ್ಟ್, ಹೊಸ ವಿಟಮಿನ್, ಹೊಸ ಮೌತ್‌ವಾಶ್ ಯಾವುದನ್ನೂ ಶುರು ಮಾಡುವಂತಿಲ್ಲ. ಮಾಡಿದರೆ ಯಾವುದರಿಂದ ಏನಾಯಿತು ಎಂದು ಬಿಡಿಸಲಾಗದು. ನೋವಿನ ಸಂಶೋಧನೆಯಲ್ಲಿ ಶೇ 30ರ ಇಳಿಕೆಯನ್ನು ಅರ್ಥಪೂರ್ಣ ಎಂದು, ಶೇ 50ನ್ನು ಗಣನೀಯ ಎಂದು ಹಿಡಿಯುತ್ತಾರೆ. ಸರಾಸರಿ 6 ಇದ್ದವರಿಗೆ 4.2 ಆಗುವುದು ಮೊದಲ ಗೆರೆ, 3 ಆಗುವುದು ಎರಡನೆಯದು. 5.5ಕ್ಕೆ ನಿಂತಿದ್ದರೆ ಡಬ್ಬ ಮುಚ್ಚುವುದೇ ಲೇಸು.

ಗೆರೆ ಮುಟ್ಟಿದ್ದರೂ ಅಲ್ಲಿಗೆ ಮುಗಿಯುವುದಿಲ್ಲ. ಗುಳಿಗೆ ನಿಲ್ಲಿಸಿ ನಾಲ್ಕು ವಾರ ಅಂಕ ಬರೆಯುವುದನ್ನು ಮುಂದುವರಿಸಬೇಕು. ಮ್ಯಾಡ್ರಿಡ್ ಪ್ರಯೋಗದಲ್ಲಿ ಚಿಕಿತ್ಸೆ ಮುಗಿದ ಒಂದು ತಿಂಗಳ ಮೇಲೂ ಸುಧಾರಿಸಿದ್ದವರ ಪೈಕಿ ಶೇ 68.75 ಜನರಲ್ಲಿ ಆ ಸುಧಾರಣೆ ಉಳಿದಿತ್ತು. ಪರವಾದಿಗಳು ಇದನ್ನು ನರ ಚೇತರಿಸಿಕೊಂಡ ಗುರುತು ಎನ್ನುತ್ತಾರೆ. ಅರ್ಧ ಗಂಟೆಗೆ ಅರ್ಧವಾಗುವ ವಸ್ತು ಒಂದು ತಿಂಗಳಾದ ಮೇಲೂ ಕೆಲಸ ಮಾಡುತ್ತಿದೆ ಎಂದರೆ ಕೆಲಸ ಮಾಡಿದ್ದು ಆ ವಸ್ತುವೇ ಅಲ್ಲವೇನೋ ಎಂಬುದು ಅನುಮಾನಿಗಳ ಮಾತು. ಇಬ್ಬರ ಜಗಳ ತೀರಬೇಕಾದರೆ ಅಂಕಗಳಷ್ಟೇ ಸಾಲವು. ಮುಂದಿನ ಪ್ರಯೋಗದಲ್ಲಿ ಕೆಲವರ ನಾಲಿಗೆಯಿಂದಾದರೂ ಗುಳಿಗೆ ಶುರುವಾಗುವ ಮೊದಲು ಒಂದು ಚೂರು, ಮುಗಿದು ಕೆಲವು ತಿಂಗಳಾದ ಮೇಲೆ ಪಕ್ಕದಿಂದಲೇ ಇನ್ನೊಂದು ಚೂರು ತೆಗೆದು, ಮೇಲ್ಪದರದ ನರತಂತುಗಳನ್ನು ಎಣಿಸಬೇಕು. ಎಣಿಸುವವರಿಗೆ ಯಾವ ಚೂರು ಯಾವ ಗುಂಪಿನದು ಎಂಬುದು ಗೊತ್ತಿರಬಾರದು.